ಚಿಪ್ಪಿನ ಹೆಸರಿಗೆ ತೋಟದ ದುಡ್ಡು

ಹೊಸೂರು: ಮೊದಲೆಲ್ಲ ನಮ್ಮೂರ ಟೀ ಅಂಗಡಿಗಳಲ್ಲಿ ಮಾತು ಅಂದರೆ ಮಳೆ, ಗುಲಾಬಿ ರೇಟು, ಸೈಟಿನ ರೇಟು. ಈಗ ಇನ್ನೊಂದು ಸೇರಿಕೊಂಡಿದೆ. ‘ಏನ್ ಸಾರ್, ಚಿಪ್ ಶೇರು ತಗೊಂಡ್ರಾ?’ ಎಂದು ಕೇಳುವವರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಬಸ್ಸು ಹತ್ತುವ ಹುಡುಗರು ಮಾತ್ರವಲ್ಲ, ನಿವೃತ್ತ ಮೇಷ್ಟ್ರುಗಳೂ ಇದ್ದಾರೆ.

ಬಾಗಲೂರು ಕಡೆಯ ಪರಿಚಯದ ಹೂವಿನ ರೈತರೊಬ್ಬರು ಇದ್ದ ಒಂದು ಎಕರೆಯಲ್ಲಿ ಅರ್ಧ ಮಾರಿದರು. ಮಗಳ ಮದುವೆಗೆಂದು ಇಟ್ಟ ದುಡ್ಡು. ಅದರಲ್ಲಿ ಹೆಚ್ಚಿನ ಪಾಲು ಮಗನ ಮೊಬೈಲ್ ಮೂಲಕ ಸೆಮಿಕಂಡಕ್ಟರ್, ಎಐ ಎನ್ನುವ ಷೇರುಗಳಿಗೆ ಹೋಗಿದೆ. ‘ಅದೇನು ಮಾಡೋ ಕಂಪನಿನೋ?’ ಎಂದು ಅಪ್ಪ ಕೇಳಿದರೆ ‘ಮುಂದೆಲ್ಲಾ ಅದೇ ಅಪ್ಪಾ’ ಅನ್ನುತ್ತಾನೆ ಮಗ. ಅಪ್ಪ ಕೇಳಿದ್ದಕ್ಕೆ ಇದು ಉತ್ತರವೇ ಅಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಹುಡುಗರ ಮಾತಿನಲ್ಲಿ ಹುರುಳೇ ಇಲ್ಲ ಎನ್ನುತ್ತಿಲ್ಲ. ಅಮೆರಿಕದ ಎನ್‌ವಿಡಿಯಾ 2023ರಲ್ಲಿ ಒಂದು ಲಕ್ಷ ಕೋಟಿ ಡಾಲರ್ ಬೆಲೆಯ ಕಂಪನಿಯಾಯಿತು. 2025ರ ಅಕ್ಟೋಬರ್‌ನಲ್ಲಿ ಐದು ಲಕ್ಷ ಕೋಟಿ ಮುಟ್ಟಿತು. ಮೈಕ್ರೋಸಾಫ್ಟ್, ಗೂಗಲ್, ಮೆಟಾ, ಅಮೆಜಾನ್ ಕ್ಯೂ ನಿಂತು ಅದರ ಚಿಪ್ ಕೊಂಡಿವೆ, ಲಾಭವೂ ಬಂದಿದೆ. ಆದರೆ ಅಂಥ ದೊಡ್ಡ ಗಿರಾಕಿಗಳು ಬೆರಳೆಣಿಕೆ. ಚೀನಾದ ಡೀಪ್‌ಸೀಕ್ ಕಡಿಮೆ ಖರ್ಚಿನಲ್ಲಿ ಎಐ ಮಾಡಿದೆ ಎಂಬ ಸುದ್ದಿಗೇ 2025ರ ಜನವರಿ 27ರಂದು ಈ ಷೇರು ಒಂದೇ ದಿನ ಶೇ. 17ರಷ್ಟು ಬಿತ್ತು. ಸುಮಾರು 59 ಸಾವಿರ ಕೋಟಿ ಡಾಲರ್ ಕರಗಿತು. ಆಮೇಲೆ ಏರಿತು, ಸರಿ. ಮುಂದಿನ ತಿಂಗಳು ಮದುವೆ ಇಟ್ಟುಕೊಂಡವರು ಆ ‘ಆಮೇಲೆ’ಗೆ ಕಾಯೋಕಾಗುತ್ತಾ? 2000ದ ಮಾರ್ಚ್‌ನಲ್ಲಿ ಇಂಟರ್ನೆಟ್ಟಿಗೆ ಯಂತ್ರ ಮಾರುವ ಸಿಸ್ಕೋ ಕೂಡ ಹೀಗೇ ಜಗತ್ತಿನ ಅತಿ ದೊಡ್ಡ ಕಂಪನಿ ಅನ್ನಿಸಿಕೊಂಡಿತ್ತು. ಕಂಪನಿ ಮುಳುಗಲಿಲ್ಲ, ಇವತ್ತಿಗೂ ವ್ಯಾಪಾರ ಚೆನ್ನಾಗೇ ಇದೆ. ಆದರೂ ಆ ಬೆಲೆಗೆ ಷೇರು ವಾಪಸ್ ಬರಲು 2025ರ ಡಿಸೆಂಬರ್ ಆಗಬೇಕಾಯಿತು. ಅಷ್ಟರಲ್ಲಿ ಮಗಳಿಗೆ ಮದುವೆಯಾಗಿ ಮೊಮ್ಮಗಳು ಕಾಲೇಜಿಗೆ ಹೋಗಿರುತ್ತಾಳೆ.

ಇನ್ನು ಅಮೆರಿಕದ ಷೇರು ಒಂದೇ ಒಂದಿದ್ದರೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಎಂದು ತೋರಿಸಬೇಕು. ನಾನು ಕೇಳಿದ ಹುಡುಗರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇರಲಿಲ್ಲ.

ನಮ್ಮ ದೇಶದೊಳಗಿನ ಕತೆ ಇನ್ನೂ ವಿಚಿತ್ರ. ಹೆಸರಿನಲ್ಲೇ ಸೆಮಿಕಂಡಕ್ಟರ್ ಎಂದಿರುವ ಒಂದು ಕಂಪನಿಯ ಷೇರು 2024ರ ಏಪ್ರಿಲ್‌ನಲ್ಲಿ 20 ರೂಪಾಯಿ ಆಸುಪಾಸು ಇತ್ತು, 2025ರಲ್ಲಿ ಹತ್ತು ಸಾವಿರ ದಾಟಿತು. ಚಿಪ್ ತಯಾರಿಕೆ ಇನ್ನೂ ಶುರುವೇ ಮಾಡಿಲ್ಲ ಎಂದು ಕೊನೆಗೆ ಕಂಪನಿಯೇ ಹೇಳಬೇಕಾಯಿತು. ಹೆಸರಾಂತ ಕ್ರಿಕೆಟಿಗರೊಬ್ಬರು ಅದರಲ್ಲಿ ಷೇರುದಾರರು ಎಂಬ ಪುಕಾರನ್ನೂ ಅದೇ ಅಲ್ಲಗಳೆಯಿತು. ವಾರ್ಷಿಕ ವರದಿಯ ಪ್ರಕಾರ ನೌಕರರು ಇಬ್ಬರು. ನಮ್ಮ ಟೀ ಅಂಗಡಿಯಲ್ಲೇ ಮೂವರಿದ್ದಾರೆ!

‘ನಮ್ಮೂರ ಹತ್ರಾನೇ ಟಾಟಾ ಫ್ಯಾಕ್ಟರಿ ಐತಲ್ಲ, ಚಿಪ್ ಅಲ್ಲೇ ಮಾಡ್ತಾರಂತೆ, ಅದರ ಶೇರೇ ತಗೊಂಡೆ’ ಎಂದು ಒಬ್ಬರು ಹೆಮ್ಮೆಯಿಂದ ಹೇಳಿದರು. ಎರಡೂ ತಪ್ಪು. ಹೊಸೂರು ಬಳಿಯ ಟಾಟಾ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ನಡೆಯುವುದು ಐಫೋನಿನ ಕೆಲಸ. ಅದೇ ಕಂಪನಿಯ 91 ಸಾವಿರ ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆದದ್ದು ಗುಜರಾತಿನ ಧೋಲೇರಾದಲ್ಲಿ. ಅಲ್ಲಿಗೆ ಗೊತ್ತು ಮಾಡಿರುವುದು 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರದ ಚಿಪ್. ತೈವಾನಿನ ಟಿಎಸ್‌ಎಂಸಿ ಎನ್‌ವಿಡಿಯಾಕ್ಕೆ ಮಾಡಿಕೊಡುವ ಎಐ ಚಿಪ್ಪಿನ ಜಾತಿಯೇ ಬೇರೆ. ಎಲ್ಲಕ್ಕಿಂತ ಮೇಲಾಗಿ, ಟಾಟಾ ಎಲೆಕ್ಟ್ರಾನಿಕ್ಸ್ ಷೇರು ಪೇಟೆಗೇ ಬಂದಿಲ್ಲ. ಹಾಗಾದರೆ ಇವರು ತಗೊಂಡಿದ್ದೇನು? ಮೊಬೈಲ್ ತೆಗೆಸಿ ನೋಡಿದರೆ ಟಾಟಾ ಹೆಸರಿನ ಬೇರೆ ಯಾವುದೋ ಕಂಪನಿ.

ನಗುವ ಹಾಗಿಲ್ಲ, ನಾನೂ ಹೀಗೆ ಕೆಟ್ಟವನೇ. 2000ದಲ್ಲಿ ಹೆಸರಿನ ಕೊನೆಗೆ ಸಾಫ್ಟ್‌ವೇರ್ ಎಂದು ಸೇರಿಸಿಕೊಂಡ ಒಂದು ಕಂಪನಿಗೆ ಮೂರು ತಿಂಗಳ ಸಂಬಳ ಸುರಿದೆ. ಅದರ ಕಾಗದ ಇನ್ನೂ ಟ್ರಂಕಿನಲ್ಲಿದೆ, ಕಂಪನಿ ಎಲ್ಲಿದೆಯೋ ದೇವರೇ ಬಲ್ಲ.

ಕಾರ್ಖಾನೆ ಅಂದರೆ ಏನು ಅಂತ ಹೊಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ 1984ರಲ್ಲಿ ಕಟ್ಟಿದ ಟೈಟಾನ್ ಬೆಳೆದದ್ದು ನಮ್ಮ ಕಣ್ಣೆದುರಿಗೇ. ಒಳಗೆ ಏನು ತಯಾರಾಗುತ್ತದೆ, ಯಾರು ಕೊಳ್ಳುತ್ತಾರೆ, ಶಿಫ್ಟಿಗೆ ಜನ ಹೆಚ್ಚಾದರೋ ಕಡಿಮೆಯಾದರೋ ಎಲ್ಲರಿಗೂ ಗೊತ್ತಿತ್ತು. ಅದನ್ನು ನೋಡಿಕೊಂಡು ಷೇರು ಇಟ್ಟುಕೊಂಡವರು ವರ್ಷಗಟ್ಟಲೆ ಕಾದರು, ಗೆದ್ದರು. ಚಿಪ್ ಕಂಪನಿಗೂ ಅದೇ ಪ್ರಶ್ನೆ ಕೇಳಿದರೆ ಸಾಕು. ಮಗ ಓದಿದವನು ಅಂತ ಅಪ್ಪಂದಿರು ಸುಮ್ಮನಾಗಬೇಕಾಗಿಲ್ಲ. ಅವನ ಸಂಬಳದಲ್ಲಿ ಉಳಿದದ್ದನ್ನು ಏನಾದರೂ ಮಾಡಿಕೊಳ್ಳಲಿ, ಮದುವೆ ದುಡ್ಡು, ಜಮೀನಿನ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಬಾಗಲೂರಿನ ಆ ಮನೆಯಲ್ಲಿ ಮದುವೆ ವೈಶಾಖಕ್ಕೆ ಗೊತ್ತಾಗಿದೆ. ಉಳಿದ ಅರ್ಧ ಎಕರೆ ನೋಡಲು ದಲ್ಲಾಳಿ ಮೊನ್ನೆ ಬಂದು ಹೋದನಂತೆ.