ದುರ್ಯೋಧನನಿಗಾಗಿ ಕಣ್ಣೀರು

ರನ್ನನ ‘ಗದಾಯುದ್ಧ’ಕ್ಕೆ ಭೀಮನೇ ನಾಯಕನು, ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಕವಿಯು ಆತನೊಡನೆಯೇ ಸಮೀಕರಿಸಿದ್ದಾನೆ. ಆದರೆ ಓದುಗರು ಮನಸೋತದ್ದು ದುರ್ಯೋಧನನಿಗೆ. ರಣಭೂಮಿಯಲ್ಲಿ ಕರ್ಣನ ಶವದೆದುರು ಅವನು ಗೋಳಿಡುವನು. ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನೂ ಮನಸಾರೆ ಮೆಚ್ಚುವನು. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದಲೇ ನಾಟಕ ಹೆಣೆದಾಗ ಅವನು ದುರಂತನಾಯಕನೇ ಆದನು. ನಾವೂ ಅವನಿಗಾಗಿ ಕಣ್ಣೊರೆಸಿಕೊಂಡವರೇ.

ಒಂದು ಸಂಜೆ ಆ ವಿಲಾಪವನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆವು. ಅಕ್ಕಿ ಆರಿಸುತ್ತಿದ್ದ ನಮ್ಮ ತಾಯಿಯವರು ತಲೆಯೆತ್ತದೆಯೇ, “ದ್ರೌಪದಿಯನ್ನು ಸಭೆಗೆ ಎಳೆಸಿದವನು ಇವನೇ ಅಲ್ಲವೇನಪ್ಪಾ?” ಎಂದರು. ಅವನ ಸ್ನೇಹವನ್ನೂ ಛಲವನ್ನೂ ಕೊಂಡಾಡುವ ಭರದಲ್ಲಿ ನಾವು ಆ ಸಭೆಯನ್ನೇ ಕಥೆಯ ಹೊರಗಿಟ್ಟಿದ್ದೆವು. ರನ್ನನು ಇಟ್ಟಿರಲಿಲ್ಲ, ದ್ರೌಪದಿಯ ಬಿಚ್ಚಿದ ಮುಡಿ ಅವನ ಕಾವ್ಯದಲ್ಲಿ ಕೊನೆಯವರೆಗೂ ಕಾಯುತ್ತದೆ. ಪುಟಗಳನ್ನು ಹಿಂದಕ್ಕೆ ತಿರುವಿ, ಅವಳು ಭೀಮನೊಡನೆ ಆಡುವ ಮಾತುಗಳಿಂದ ಮತ್ತೆ ಓದತೊಡಗಿದೆವು.