ದಾನದ ನೆಲ, ಬಾಡಿಗೆಯ ಮಳಿಗೆ



ನಮ್ಮ ಪ್ರೌಢಶಾಲೆಯ ಆಟದ ಬಯಲು ನಿಮಗೆಲ್ಲ ನೆನಪಿರಬೇಕು. 1974ರಲ್ಲಿ ಊರಿನ ಹಿರಿಯ ರೈತರೊಬ್ಬರು ರಸ್ತೆಬದಿಯ ತಮ್ಮ 1 ಎಕರೆ 10 ಗುಂಟೆ ಜಮೀನನ್ನು ‘ಮಕ್ಕಳ ಆಟದ ಬಯಲಿಗಾಗಿ ಮಾತ್ರ’ ಎಂದು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರು. ನಾನು ಕೆಲಸಕ್ಕೆ ಸೇರಿದಾಗ ಆ ಹಾಳೆಯನ್ನು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅದನ್ನು ನೋಂದಣಿ ಮಾಡಿಸಬೇಕೆಂದು ಯಾರಿಗೂ ತೋರಲಿಲ್ಲ. ಆಡಿದ ಮಾತೇ ಪತ್ರವಾಗಿದ್ದ ಕಾಲವದು.

ಈಗ ಸ್ಥಳೀಯ ಆಡಳಿತವು ಆ ಬಯಲಿನ ರಸ್ತೆಯಂಚಿನಲ್ಲಿ ಬಾಡಿಗೆಯ ಮಳಿಗೆಗಳನ್ನು ಕಟ್ಟಲು ಹೊರಟಿದೆ. ದಾನಿಯ ಮಗ ಆಕ್ಷೇಪಿಸಿದ್ದಕ್ಕೆ ಬಂದ ಉತ್ತರವಿದು: ಪತ್ರ ನೋಂದಣಿಯಾಗಿಲ್ಲ, ಆದುದರಿಂದ ಅದರ ಷರತ್ತು ನಮಗೆ ಅನ್ವಯಿಸದು, ಜಮೀನು ಬಹುಕಾಲದಿಂದ ನಮ್ಮ ವಶದಲ್ಲಿದೆ, ಆದುದರಿಂದ ನಮ್ಮದೇ.

ಗಣಿತ ಕಲಿಸಿದ ನನಗೆ ಈ ಲೆಕ್ಕ ಬಗೆಹರಿಯದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 123ನೆಯ ಕಲಮಿನಂತೆ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳು ಕಡ್ಡಾಯ. ಪತ್ರ ಊರ್ಜಿತವಲ್ಲವಾದರೆ ದಾನವೇ ನಡೆದಿಲ್ಲ. ನೆಲ ದಾನಿಯ ವಾರಸುದಾರರದು. ದಾನ ನಡೆದಿದೆಯೆಂದರೆ ಅದು ಆಟದ ಬಯಲಿಗಾಗಿಯೇ ನಡೆದದ್ದು. ಒಂದೇ ಹಾಳೆಯ ಅರ್ಧವನ್ನು ಒಪ್ಪಿ ಉಳಿದರ್ಧವನ್ನು ಹರಿದೆಸೆಯುವುದು ಯಾವ ನ್ಯಾಯ?

ಬಹುಕಾಲದ ವಶವೆಂಬ ವಾದವೂ ನಿಲ್ಲದು. ಹಿಮಾಚಲ ಪ್ರದೇಶದ ವೃದ್ಧ ವಿಧವೆಯೊಬ್ಬರ ಜಮೀನನ್ನು ಅಲ್ಲಿನ ಸರ್ಕಾರ 1967-68ರಲ್ಲಿ ರಸ್ತೆಗಾಗಿ ಭೂಸ್ವಾಧೀನ ಕ್ರಮವಿಲ್ಲದೆಯೇ ತೆಗೆದುಕೊಂಡಿತ್ತು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಜೆಯ ಸ್ವತ್ತಿನ ಮೇಲೆ ಸರ್ಕಾರವೇ ಪ್ರತಿಕೂಲ ಸ್ವಾಧೀನದ ಹಕ್ಕನ್ನು ಸಾಧಿಸಲಾಗದೆಂದು ಹೇಳಿ ಆಕೆಗೆ ಪರಿಹಾರ ಕೊಡಿಸಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಕೂಡದೆಂಬುದು ಸಂವಿಧಾನದ 300ಎ ವಿಧಿ.

ಮಳಿಗೆಯ ಬಾಡಿಗೆಯಿಂದ ಊರಿಗೆ ವರಮಾನವಲ್ಲವೇ ಎನ್ನುವವರಿದ್ದಾರೆ. ವರಮಾನ ಬೇಕು, ನಿಜ. ಆದರೆ ಇಂದು ಮಾತು ತಪ್ಪಿದರೆ ನಾಳೆ ಶಾಲೆಗೋ ಆಸ್ಪತ್ರೆಗೋ ಒಂದು ಗುಂಟೆಯನ್ನಾದರೂ ಯಾರು ಕೊಟ್ಟಾರು? ದಾನ ಬಂದ ಆಕಳ ಹಲ್ಲು ಎಣಿಸಬಾರದೆಂಬ ಗಾದೆಯುಂಟು. ಅದನ್ನು ಸಂತೆಗೆ ಹೊಡೆಯಬಹುದೆಂದು ಗಾದೆ ಹೇಳುವುದಿಲ್ಲ.

ದಾನಿಯ ಮಗ ನೆಲವನ್ನು ಮರಳಿ ಕೇಳುತ್ತಿಲ್ಲ. ಆಟದ ಬಯಲೆಂಬ ಷರತ್ತನ್ನು ಸೇರಿಸುವುದಾದರೆ ಇಂದೇ ನೋಂದಾಯಿತ ದಾನಪತ್ರ ಮಾಡಿಕೊಡಲು ಸಿದ್ಧರಿದ್ದಾರೆ. ಆಡಳಿತ ಅದನ್ನು ಒಪ್ಪಿಕೊಳ್ಳಲಿ. ಆ ಬಯಲಿನಲ್ಲಿ ಮೊಣಕಾಲು ತರಚಿಕೊಂಡು ಬೆಳೆದ ನೀವು ಸುಮ್ಮನಿರಬೇಡಿ. ಆಕ್ಷೇಪಣಾ ಪತ್ರಕ್ಕೆ ನಿಮ್ಮ ಸಹಿಯೂ ಇರಲಿ. ಮೊದಲ ಸಹಿ ನನ್ನದು.