ಕಾನಿನ ಮರ, ಕಣಿವೆಯ ನೀರು

ಬಯಲುಸೀಮೆಯ ಮಕ್ಕಳಿಗೆ ಕಾಡಿನ ಪಾಠ ಹೇಳುವುದು ಸುಲಭವಲ್ಲ. ಜವನಗೊಂಡನಹಳ್ಳಿಯಿಂದ ಹಿರಿಯೂರಿನತ್ತ ಹೊರಟರೆ ಹೆದ್ದಾರಿಯ ಆಚೀಚೆ ಕಾಣುವುದು ಜಾಲಿ, ಶೇಂಗಾ ಹೊಲ, ಅಲ್ಲಲ್ಲಿ ತೆಂಗಿನ ತೋಟ. 'ನಿತ್ಯಹರಿದ್ವರ್ಣ ಕಾಡು' ಎಂಬುದು ಇಲ್ಲಿನ ವಿದ್ಯಾರ್ಥಿಗಳ ಪಾಲಿಗೆ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಒಂದು ಉದ್ದನೆಯ ಪದ, ಅಷ್ಟೆ. ಮಲೆನಾಡಿನಲ್ಲಿ ಮರ ಉಳಿದರೆ ನಮಗೇನು, ಉರುಳಿದರೆ ನಮಗೇನು ಎಂದು ಮಕ್ಕಳು ಕೇಳಿದರೆ ಗದರಿಸಬೇಡಿ. ಅದು ಒಳ್ಳೆಯ ಪ್ರಶ್ನೆ.

ಉತ್ತರ ಮಾರಿಕಣಿವೆಯಲ್ಲಿದೆ. 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ ನೀರು ತರುವ ನದಿ ವೇದಾವತಿ. ಅದು ಹುಟ್ಟುವುದು ನಮ್ಮ ಜಿಲ್ಲೆಯಲ್ಲಲ್ಲ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳಗಳು ಹುಟ್ಟಿ, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡು ಮಳೆಯ ನೀರನ್ನು ಒಮ್ಮೆಲೇ ಓಡಗೊಡುವುದಿಲ್ಲ. ತರಗೆಲೆಯ ಹಾಸು ಹನಿಯ ಪೆಟ್ಟನ್ನು ತಡೆಯುತ್ತದೆ, ಬೇರು ಮಣ್ಣನ್ನು ಸಡಿಲವಾಗಿಡುತ್ತದೆ, ಇಂಗಿದ ನೀರು ಮಳೆ ನಿಂತ ಮೇಲೂ ಒರತೆಯಾಗಿ ಜಿನುಗುತ್ತದೆ.

1933ರಲ್ಲಿ ತುಂಬಿದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟೂ ಬರಗಾಲಕ್ಕೆ ಮರ ಕಡಿದದ್ದೊಂದೇ ಕಾರಣ ಎಂದರೆ ಅತಿಶಯೋಕ್ತಿಯಾದೀತು. ಮಳೆಯ ಏರುಪೇರು ಇದೆ, ದಾರಿಯಲ್ಲಿ ನೀರು ಹಿಡಿಯುವ ಕಟ್ಟೆಗಳಿವೆ, ಕೊಳವೆಬಾವಿಗಳಿವೆ. ಆದರೆ ಬೆಟ್ಟದ ಕಾಡು ಹೋದರೆ ಬಯಲಿನ ನದಿ ಸೊರಗುತ್ತದೆ ಎಂಬುದರಲ್ಲಿ ಅತಿಶಯೋಕ್ತಿಯಿಲ್ಲ.

ಇದೇ ಬೆಟ್ಟಸಾಲಿನ ಉತ್ತರಕ್ಕೆ, ಶಿರಸಿಯ ಸೀಮೆಯಲ್ಲಿ, ಈ ಮಾತನ್ನು ಪುಸ್ತಕದಿಂದಲ್ಲ, ಬತ್ತುತ್ತಿದ್ದ ಹಳ್ಳಗಳಿಂದ ಕಲಿತವರು ಅಡಿಕೆ ಬೆಳೆಯುವ ಹಳ್ಳಿಗರು. ಅಲ್ಲಿ ಹಳೆಯ ದಟ್ಟ ಕಾಡಿಗೆ 'ಕಾನು' ಎನ್ನುತ್ತಾರೆ. ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದರು. ಕಾನೆಂದರೆ ಕಾಳುಮೆಣಸು, ಬೈನೆ ಮರ, ದೇವರ ಬನ, ನೀರಿನ ಒರತೆ ಎಲ್ಲವೂ ಒಂದೇ ಕಡೆ. ಅಂಥ ಕಾಡಿನ ದೊಡ್ಡ ಮರಗಳು ಪ್ಲೈವುಡ್ ಮುಂತಾದ ಉದ್ದಿಮೆಗಳಿಗಾಗಿ ಉರುಳುತ್ತಿದ್ದವು. ಎಕರೆಗೆ ಇಂತಿಷ್ಟೇ ಮರ ಎಂದು ಕಾಗದದಲ್ಲಿ ಲೆಕ್ಕವೇನೋ ಇತ್ತು. ಆದರೆ ನೂರಾರು ವರ್ಷದ ಮರ ಒಂಟಿಯಾಗಿ ಬೀಳುವುದಿಲ್ಲ. ಬೀಳುವಾಗ ಬಳ್ಳಿ ಸುತ್ತಿದ ನೆರೆಯ ಮರಗಳನ್ನೂ ಕೆಳಗಿನ ಎಳೆಯ ಗಿಡಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ. ದಿಮ್ಮಿ ಎಳೆಯಲು ಲಾರಿಗೆ ದಾರಿ ಮಾಡಿದರೆ ಇನ್ನಷ್ಟು ನಷ್ಟ. ಕಾಗದದ ಲೆಕ್ಕ ಬೇರೆ, ಕಾಡಿನ ಲೆಕ್ಕ ಬೇರೆ.

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಕೊಡಲಿ ಬೀಸುವುದಾದರೆ ಮೊದಲು ನಮ್ಮ ಮೇಲೆ ಬೀಸಿ ಎಂಬುದು ಅದರ ಅರ್ಥ. 1974ರ ಮಾರ್ಚ್ 26ರಂದು ಹಿಮಾಲಯದ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಸಂಗಡಿಗರು ಮಾಡಿದ್ದನ್ನು ಉತ್ತರದವರು 'ಚಿಪ್ಕೊ' ಎಂದರು. ನಮ್ಮವರು ಅದನ್ನು ಅಚ್ಚಗನ್ನಡದಲ್ಲಿ 'ಅಪ್ಪಿಕೊ' ಎಂದರು. ಸುಂದರಲಾಲ್ ಬಹುಗುಣರ ಪ್ರೇರಣೆ, ಪಾಂಡುರಂಗ ಹೆಗಡೆಯವರ ಮುಂದಾಳುತನ, ಊರಿನ ಯುವಕ ಮಂಡಳಿಯ ಹುಮ್ಮಸ್ಸು ಇದಕ್ಕೆ ಬಲ ಕೊಟ್ಟವು. 38 ದಿನ ನಡೆದ ಈ ಹೋರಾಟದ ನಂತರ ಸರ್ಕಾರ ಕಡಿಯುವ ಆದೇಶವನ್ನು ಹಿಂತೆಗೆದುಕೊಂಡಿತು. ಚಳವಳಿ ಪಾದಯಾತ್ರೆ, ಬೀದಿನಾಟಕಗಳ ಮೂಲಕ ಬೇರೆ ಹಳ್ಳಿಗಳಿಗೂ ಹಬ್ಬಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇವರು ಗುತ್ತಿಗೆದಾರನ ಕೊಡಲಿಯನ್ನಷ್ಟೇ ಬೆರಳು ಮಾಡಿ ತೋರಿಸಿ ಸುಮ್ಮನಾಗಲಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಒಲೆಗೆ ಸೌದೆ ಬೇಕು, ಅದೂ ಕಾಡಿನಿಂದಲೇ ಬರಬೇಕು. ಆದ್ದರಿಂದ ಅವರ ಘೋಷಣೆ ಮೂರು ಮಾತಿನದಾಯಿತು: ಉಳಿಸು, ಬೆಳೆಸು, ಬಳಸು. ಸಸಿ ನೆಟ್ಟರು, ಕಡಿಮೆ ಸೌದೆ ಬೇಡುವ ಒಲೆಗಳನ್ನು ಮನೆಮನೆಗೆ ಹೇಳಿಕೊಟ್ಟರು. ಬೇರೆಯವರನ್ನು ತಡೆಯುವ ಹಕ್ಕು ತನ್ನ ಮನೆಯ ಒಲೆಯನ್ನು ತಿದ್ದಿಕೊಂಡವರಿಗೆ ಹೆಚ್ಚು ಎಂಬ ವಿವೇಕ ಅದು.

ಬಯಲಿನವರೂ ಸುಮ್ಮನಿರಲಿಲ್ಲ. ಹರಿಹರದ ಸಮೀಪದ ಕಾರ್ಖಾನೆಗೆ ಮರದ ತಿರುಳು ಒದಗಿಸಲು 1984ರಲ್ಲಿ ಸರ್ಕಾರದ ಪಾಲುದಾರಿಕೆಯ ಕಂಪನಿಯೊಂದು ಹುಟ್ಟಿ, ಊರೊಟ್ಟಿನ ಗೋಮಾಳಗಳಲ್ಲಿ ನೀಲಗಿರಿ ನೆಡತೊಡಗಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಹಳ್ಳಿಗರು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಸಿದರು. ನೀಲಗಿರಿಯನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1991ರಲ್ಲಿ ಆ ಕಂಪನಿ ಮುಚ್ಚುವ ತೀರ್ಮಾನವಾಯಿತು. ಮುಂದೆ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಶದ ಕಾಡುಗಳಲ್ಲಿ ಒಪ್ಪಿಗೆಯ ಕಾರ್ಯಯೋಜನೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ಆದೇಶಿಸಿತು. ಹಳ್ಳಿಯವರು ಮೊದಲೇ ಹೇಳಿದ್ದನ್ನು ಕಾನೂನು ತಡವಾಗಿ ಒಪ್ಪಿತು.

ಹಾಗಾದರೆ ನಮ್ಮ ಕಡೆ ಉಳಿಸಲು ಏನಿದೆ? ಕಾಡೆಂದರೆ ಕತ್ತಲು ಕವಿಯುವಷ್ಟು ಎತ್ತರದ ಮರಗಳೇ ಆಗಬೇಕಿಲ್ಲ. ಜೋಗಿಮಟ್ಟಿಯ ಗುಡ್ಡಗಳು ನಮ್ಮ ಜಿಲ್ಲೆಯ ಕಾಡು. ನೆರೆಯ ಶಿರಾ ಸೀಮೆಯ ಬುಕ್ಕಾಪಟ್ಟಣದ ಕುರುಚಲು ಕಾಡನ್ನು 2019ರಲ್ಲಿ ಚಿಂಕಾರ ಜಿಂಕೆಗಾಗಿಯೇ ವನ್ಯಧಾಮವೆಂದು ಘೋಷಿಸಲಾಯಿತು. ನಾವು ಬರಡು ಎಂದು ಮೂಗು ಮುರಿಯುವ ನೆಲವೇ ಅದಕ್ಕೆ ಮನೆ. ಗುಂಡುತೋಪು, ದೇವರ ಬನ, ಕೆರೆ ಏರಿಯ ಹಳೆಯ ಹುಣಸೆ, ಆಲ, ಇಪ್ಪೆ ಇವೂ ನಮ್ಮ ಪಾಲಿನ ಕಾನುಗಳೇ.

2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕ ಇರಬೇಕು. ತಂದೆತಾಯಂದಿರೇ, ಒಂದು ಭಾನುವಾರ ಮಕ್ಕಳೊಂದಿಗೆ ಹೋಗಿ ಊರಿನ ಹಳೆಯ ಮರಗಳ ಸುತ್ತಳತೆ ತೆಗೆಯಿರಿ, ಹೆಸರು ಬರೆದಿಡಿ, ಅಜ್ಜ-ಅಜ್ಜಿಯರನ್ನು ಕೇಳಿ ಅವುಗಳ ಕಥೆ ಸೇರಿಸಿ. ಆ ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟು, ದಾಖಲೆ ಪುಸ್ತಕದಲ್ಲಿ ಸೇರಿದೆಯೇ ಎಂದು ವಿಚಾರಿಸಿ. ಲೆಕ್ಕದಲ್ಲಿಲ್ಲದ ಮರ ಕಡಿದರೆ ಕೇಳುವವರಿರುವುದಿಲ್ಲ. ಲೆಕ್ಕದಲ್ಲಿರುವ ಮರವನ್ನು ಕಡಿಯಲು ಬಂದವನು ಒಮ್ಮೆ ಯೋಚಿಸಬೇಕಾಗುತ್ತದೆ. ಸಾಲ್ಕಣಿಯ ಮಕ್ಕಳು ಮರವನ್ನು ತೋಳಿನಿಂದ ಅಳೆದರು. ನಮ್ಮ ಮಕ್ಕಳು ಸದ್ಯಕ್ಕೆ ದಾರದಿಂದ ಅಳೆದರೂ ಸಾಕು.